ಟಂಟಂ ಹಿಂದಿನ ಮುಖ

ತೇರದಾಳದ ಬಸ್‌ಸ್ಟ್ಯಾಂಡ್ ಹೊರಗೆ ನಿಂತ ಟಂಟಂ ಆಟೋಗಳ ಹಿಂಬದಿ ಓದುವುದು ನನಗೊಂದು ಚಟ. ಅಲ್ಲಮಪ್ರಭು ಪ್ರಸನ್ನ, ತಾಯಿಯ ಆಶೀರ್ವಾದ, ನೋಡಿ ಉರ್ಕೋಬೇಡಿ. ಇವು ಎಲ್ಲಾ ಊರಲ್ಲೂ ಇರುವಂಥವು. ಇವುಗಳ ನಡುವೆ ಗುಂಗುರು ಕೂದಲಿನ ಮುಖವೊಂದು ಆಗಾಗ ಕಾಣುತ್ತದೆ. ಶಂಕರ್‌ನಾಗ್. ಕೆಳಗೆ ‘ಮತ್ತೆ ಹುಟ್ಟಿ ಬಾ ಶಂಕ್ರಣ್ಣ’ ಅಂತ ಬರಹ.

ಶಂಕರ್‌ನಾಗ್ ತೀರಿಕೊಂಡದ್ದು 1990ರ ಸೆಪ್ಟೆಂಬರ್ 30ರಂದು. ಆ ಗಾಡಿ ಹೊಡೆಯುವ ಹುಡುಗನಿಗೆ ಇನ್ನೂ ಮೀಸೆ ಸರಿಯಾಗಿ ಬಲಿತಿಲ್ಲ. ಅವನಪ್ಪ ಆಗ ಕನ್ನಡ ಶಾಲೆಯ ಹುಡುಗನಿದ್ದಿರಬೇಕು. ಹಾಗಾದರೆ ಇಲ್ಲಿ ನೆನೆಯುತ್ತಿರುವವರು ಯಾರು? ನೋಡಿದ್ದರಲ್ಲವೇ ನೆನಪಾಗುವುದು?

ಕೇಳಿಯೇಬಿಟ್ಟೆ.

“ತಮ್ಮಾ, ಶಂಕರ್‌ನಾಗ್‌ಂದು ಯಾವ ಪಿಚ್ಚರ್ ನೋಡೀದಿ?”

“ಆಟೋ ರಾಜಾ ರೀ ಕಾಕಾ.”

“ಪೂರಾ ನೋಡೀದೇನು?”

“ಪೂರಾ ಇಲ್ರಿ. ಹಾಡಷ್ಟ ನೋಡೀನ್ರಿ, ಮೊಬೈಲ್‌ನ್ಯಾಗ.”

“ಮತ್ತ ಫೋಟೋ ಯಾಕ ಹಚ್ಚೀದಿ?”

ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಗಾಡಿ ಹೊಡಿಯಾವ್ರಿಗೆ ಅಂವಾ ಅಲ್ದ ಮತ್ತ್ಯಾರ್ ಅದಾರ್ರೀ?” ಅಂದ.

ಇದು ಉತ್ತರವೋ ಪ್ರಶ್ನೆಯೋ, ಹಾಗೇ ಬರೆದಿಟ್ಟುಕೊಂಡಿದ್ದೇನೆ.

*

ಶಂಕರ್‌ನಾಗ್ ಬದುಕಿದ್ದು ಮೂವತ್ತೈದು ವರ್ಷ. ಹುಟ್ಟಿದ್ದು 1954ರ ನವೆಂಬರ್ 9, ಉತ್ತರ ಕನ್ನಡದ ಹೊನ್ನಾವರದ ಕಡೆ. ಮುಂಬೈಯಲ್ಲಿ ಮರಾಠಿ ರಂಗಭೂಮಿಯಲ್ಲಿದ್ದವರನ್ನು ಗಿರೀಶ್ ಕಾರ್ನಾಡರು ‘ಒಂದಾನೊಂದು ಕಾಲದಲ್ಲಿ’ ಚಿತ್ರಕ್ಕೆ ಕರೆತಂದರು. ಅದು 1978. ಅಲ್ಲಿಂದ 1990ರವರೆಗೆ ಹನ್ನೆರಡು ವರ್ಷ. ಇಷ್ಟರೊಳಗೆ ಎಂಬತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ನಟನೆ. ‘ಮಿಂಚಿನ ಓಟ’ದಂಥ, ‘ಆಕ್ಸಿಡೆಂಟ್’ನಂಥ ಚಿತ್ರಗಳ ನಿರ್ದೇಶನ. ದೂರದರ್ಶನಕ್ಕೆ ಆರ್.ಕೆ. ನಾರಾಯಣರ ‘ಮಾಲ್ಗುಡಿ ಡೇಸ್’, ಅದಕ್ಕಾಗಿ ಆಗುಂಬೆಯಲ್ಲಿ ಎಬ್ಬಿಸಿದ ಒಂದು ಇಡೀ ಊರು. ಸಂಕೇತ್ ನಾಟಕ ತಂಡ, ಧ್ವನಿಮುದ್ರಣದ ಸ್ಟುಡಿಯೋ, ನಂದಿಬೆಟ್ಟಕ್ಕೆ ರೋಪ್‌ವೇ ಹಾಕುವ ಯೋಜನೆ. ಒಬ್ಬ ಮನುಷ್ಯ ನಿದ್ದೆ ಯಾವಾಗ ಮಾಡುತ್ತಿದ್ದ ಅನ್ನಿಸುತ್ತದೆ.

ಇಷ್ಟೆಲ್ಲದರಲ್ಲಿ ತೇರದಾಳದ ಟಂಟಂ ಆರಿಸಿಕೊಂಡದ್ದು ಒಂದು ಖಾಕಿ ಅಂಗಿಯನ್ನು. 1980ರ ‘ಆಟೋ ರಾಜ’. ಅವರ ಗಂಭೀರ ಕೆಲಸಗಳನ್ನು ಪಟ್ಟಿ ಮಾಡುವವರು ಈ ಚಿತ್ರವನ್ನು ಕೊನೆಯಲ್ಲಿ ಬರೆಯುತ್ತಾರೆ, ಕೆಲವರು ಬಿಟ್ಟೇಬಿಡುತ್ತಾರೆ. ಆದರೆ ರಾಜ್ಯದ ಯಾವ ಊರಿಗೆ ಹೋದರೂ ಶಂಕರ್‌ನಾಗ್ ಆಟೋ ನಿಲ್ದಾಣವೊಂದು ಸಿಗುತ್ತದೆ. ಹಳದಿ-ಕೆಂಪು ಬಣ್ಣದ ಕಂಬ, ಬೋರ್ಡಿನಲ್ಲಿ ಅವರ ಮುಖ, ರಾಜ್ಯೋತ್ಸವಕ್ಕೊಂದು ಮಾಲೆ.

ಬೆಂಗಳೂರಿನ ಜೆ.ಪಿ. ನಗರದಲ್ಲಿ ಅವರ ಇನ್ನೊಂದು ನೆನಪಿದೆ. ಹೆಂಡತಿ ಅರುಂಧತಿ ನಾಗ್ ಹಟ ಹಿಡಿದು ಕಟ್ಟಿಸಿ 2004ರಲ್ಲಿ ಬಾಗಿಲು ತೆರೆದ ರಂಗಶಂಕರ. ಅಲ್ಲಿ ನಾಟಕ ಸರಿಯಾದ ಹೊತ್ತಿಗೆ ಶುರುವಾಗುತ್ತದೆ, ತಡವಾಗಿ ಬಂದವರಿಗೆ ಒಳಗೆ ಪ್ರವೇಶವಿಲ್ಲ. ಇಲ್ಲಿ ಟಂಟಂ ತುಂಬುವತನಕ ಹೊರಡುವುದಿಲ್ಲ, ತುಂಬಿದ ಮೇಲೂ ಇನ್ನಿಬ್ಬರಿಗೆ ಜಾಗವಿರುತ್ತದೆ. ಎರಡೂ ಕಡೆ ಫೋಟೋ ಒಬ್ಬರದೇ. ಅಲ್ಲಿನ ಅಭಿಮಾನಿಯನ್ನೂ ಇಲ್ಲಿನ ಅಭಿಮಾನಿಯನ್ನೂ ಎದುರುಬದುರು ಕೂರಿಸಿದರೆ, ತಾವು ಮಾತಾಡುತ್ತಿರುವುದು ಒಬ್ಬನ ಬಗ್ಗೆಯೇ ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿದೀತು.

*

ಚಾದಂಗಡಿಯಲ್ಲಿ ಹಿರಿಯರೊಬ್ಬರು ಸಿಕ್ಕರು. ಪವರ್‌ಲೂಮ್ ನಡೆಸಿ, ಈಗ ಮಕ್ಕಳಿಗೆ ಬಿಟ್ಟು, ದಿನಕ್ಕೆ ಆರು ಚಾ ಕುಡಿಯುವವರು. ಶಂಕರ್‌ನಾಗ್ ಹೆಸರೆತ್ತಿದ್ದೇ ತಡ, “ನಮ್ಮ ಕಡೀಗೇ ಬರಾಕತ್ತಿದ್ದ್ರೀ ಅಂವಾ” ಅಂದರು.

ಅವರು ಹೇಳಿದ್ದು ಇಷ್ಟು: ‘ಜೋಕುಮಾರಸ್ವಾಮಿ’ ಚಿತ್ರದ ಕೆಲಸಕ್ಕೆ ಹೆಂಡತಿ, ಮಗಳ ಜೊತೆ ಬೆಂಗಳೂರಿಂದ ಕಾರಿನಲ್ಲಿ ಹೊರಟಿದ್ದರು. ಹೋಗಬೇಕಾಗಿದ್ದುದು ಲೋಕಾಪುರಕ್ಕೆ. ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಬೆಳಗಿನ ಜಾವ ಕಾರು ಅಪಘಾತಕ್ಕೀಡಾಯಿತು. ಹೆಂಡತಿ, ಮಗಳು ಉಳಿದರು.

ಲೋಕಾಪುರ ಮುಧೋಳ ಸೀಮೆಯದು. ಇಲ್ಲಿಯ ಹಳಬರು ಈ ಮಾತನ್ನು ಹೇಳುವಾಗ ದನಿಯಲ್ಲಿ ಒಂದು ಬಗೆಯ ಹಕ್ಕು ಕೇಳಿಸುತ್ತದೆ. ಬಂದು ಹೋದವರ ಬಗ್ಗೆ ಊರುಗಳು ಜಂಬ ಕೊಚ್ಚಿಕೊಳ್ಳುವುದನ್ನು ಕೇಳಿದ್ದೇನೆ. ಬರಬೇಕಾಗಿದ್ದು ಬರದವನ ಮೇಲೆ ಒಂದು ಸೀಮೆ ಹಕ್ಕು ಸಾಧಿಸುವುದನ್ನು ಇಲ್ಲೇ ಮೊದಲು ಕಂಡೆ.

“ಬಂದಿದ್ರ ನೋಡಾಕ ಹೋಗ್ತಿದ್ರೇನ್ರಿ?” ಅಂತ ಕೇಳಿದೆ.

“ಮಗ್ಗಾ ಬಿಟ್ಟ್ ಯಾರ್ ಹೋಗ್ತಿದ್ರ್ ತಗೋರಿ” ಅಂದರು.

*

ಜೋಕುಮಾರಸ್ವಾಮಿ. ಈ ಹೆಸರು ಇಲ್ಲಿ ಬಂದದ್ದು ಕಾಕತಾಳೀಯ ಅಂತ ಬಿಟ್ಟುಬಿಡಲು ಮನಸ್ಸಾಗುತ್ತಿಲ್ಲ.

ಚಂದ್ರಶೇಖರ ಕಂಬಾರರ ನಾಟಕ 1972ರದು. ಕಂಬಾರರ ಘೋಡಗೇರಿಯೂ ನಮಗೆ ದೂರದ್ದಲ್ಲ, ಘಟಪ್ರಭೆಯ ದಂಡೆಯ ಊರು. ನಾಟಕಕ್ಕಿಂತ ಎಷ್ಟೋ ಮೊದಲಿನಿಂದ ಜೋಕುಮಾರ ಈ ನೆಲದಲ್ಲಿ ವರ್ಷಕ್ಕೊಮ್ಮೆ ಹುಟ್ಟುತ್ತಾನೆ, ವಾರದೊಳಗೆ ಸಾಯುತ್ತಾನೆ.

ಭಾದ್ರಪದದಲ್ಲಿ ಗಣಪತಿ ಹೋದ ಬೆನ್ನಿಗೆ, ಅಷ್ಟಮಿಯ ಹೊತ್ತಿಗೆ, ಕುಂಬಾರರ ಮನೆಯಲ್ಲಿ ಹಸಿಮಣ್ಣಿನ ಜೋಕುಮಾರ ತಯಾರಾಗುತ್ತಾನೆ. ಅಗಲ ಮುಖ, ದಪ್ಪ ಮೀಸೆ, ಬಾಯಿಗೆ ಬೆಣ್ಣೆ. ಹೆಚ್ಚಾಗಿ ಅಂಬಿಗರ ಮನೆತನದ ಹೆಂಗಸರು ಬುಟ್ಟಿಯಲ್ಲಿ ಬೇವಿನ ತಪ್ಪಲು ಹಾಸಿ ಅವನನ್ನು ಕೂರಿಸಿ, ತಲೆಯ ಮೇಲೆ ಹೊತ್ತು ಮನೆಮನೆಗೆ ಬರುತ್ತಾರೆ. ಬುಟ್ಟಿಯನ್ನು ಅಂಗಳದಲ್ಲಿ ಇಳಿಸಿ ಹಾಡುತ್ತಾರೆ. ಮನೆಯೊಡತಿ ಮೊರದಲ್ಲಿ ಜೋಳ ತಂದು ಹಾಕುತ್ತಾಳೆ. ಅವರು ಬೇವಿನೆಲೆಯಲ್ಲಿ ಒಂದಿಷ್ಟು ನುಚ್ಚು ಕೊಡುತ್ತಾರೆ, ಅದು ಹೊಲಕ್ಕೆ ಹೋಗುತ್ತದೆ. ಹುಣ್ಣಿಮೆಯ ರಾತ್ರಿ ಜೋಕುಮಾರ ಸಾಯುತ್ತಾನೆ. ಮೈಮರೆತು ಓಡಾಡಿದ ಹುಡುಗ, ಪರರ ಹೆಣ್ಣಿನ ಗೊಡವೆಗೆ ಹೋಗಿ ಕೊಲೆಯಾದ ಅಂತ ಕತೆ. ಹಳ್ಳದ ದಂಡೆಗೆ ಒಯ್ದು, ಅಗಸರು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಿಟ್ಟು ಬರುತ್ತಾರೆ. ಕೆಲವು ದಿನ ಅಲ್ಲಿ ಬಟ್ಟೆ ಒಗೆಯುವುದಿಲ್ಲ.

ಗಣಪ್ಪ ಕಡುಬು ತಿಂದು ಮೇಲೆ ಹೋಗಿ ಭೂಲೋಕ ಸುಖವಾಗಿದೆ ಅಂತ ಹೇಳುತ್ತಾನಂತೆ. ಜೋಕುಮಾರ ಕೇರಿ, ಹೊಲ ಸುತ್ತಿ ಬೆಳೆ ಒಣಗಿದ್ದನ್ನು ಕಣ್ಣಾರೆ ಕಂಡವನು. ಅವನು ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದ ಮೇಲೆ ಮಳೆ ಬರುತ್ತದೆ. ಇದು ನಮ್ಮ ಕಡೆಯ ಎಲ್ಲ ಅಜ್ಜಿಯರಿಗೂ ಗೊತ್ತು.

ನಾನು ಗಮನಿಸುವುದು ಬೇರೆ. ಆ ಬುಟ್ಟಿ ಹೊತ್ತ ಹೆಂಗಸರು ಜೋಕುಮಾರನನ್ನು ನೋಡಿದವರಲ್ಲ, ಅವರ ಅವ್ವಂದಿರೂ ನೋಡಿದವರಲ್ಲ. ಆದರೂ ಹಾಡುವಾಗ ನಿನ್ನೆ ಓಣಿಯಲ್ಲಿ ಕಂಡ ಹುಡುಗನ ಬಗ್ಗೆ ಹಾಡಿದಂತಿರುತ್ತದೆ. ಅವನ ಪೋಕರಿತನಕ್ಕೆ ಬೈಯುತ್ತಾರೆ, ನಗುತ್ತಾರೆ, ಹೋದನಲ್ಲ ಅಂತ ಮರುಗುತ್ತಾರೆ. ಮುಂದಿನ ವರ್ಷ ಮತ್ತೆ ಹಸಿಮಣ್ಣು, ಮತ್ತೆ ಬೆಣ್ಣೆ.

ಟಂಟಂ ಹುಡುಗನಿಗೆ ಹಾಕಿದ ನನ್ನ ಲೆಕ್ಕ, ಇಸವಿ ಕಳೆದು ಇಸವಿ, ಈ ಹೆಂಗಸರ ಮುಂದೆ ಹಾಕಿದರೆ ಬುಟ್ಟಿ ಎತ್ತಿಕೊಂಡು ಮುಂದಿನ ಮನೆಗೆ ಹೋದಾರು.

*

ಜಾತ್ರೆಯ ರಸಮಂಜರಿ. ಹೊತ್ತು ಮೀರಿದ್ದರೂ ಜನ ಕದಲಿರಲಿಲ್ಲ. ಜೂನಿಯರ್ ವಿಷ್ಣುವರ್ಧನ್ ಆಯಿತು, ಜೂನಿಯರ್ ಅಂಬರೀಷ್ ಆಯಿತು. ಆಮೇಲೆ ಖಾಕಿ ಅಂಗಿ ತೊಟ್ಟ ಜೂನಿಯರ್ ಶಂಕರ್‌ನಾಗ್ ಬಂದ. ಸೀಟಿಗಳು. ಭುಜ ಕುಣಿಸುವ ರೀತಿ, ತಲೆ ವಾರೆ ಮಾಡಿ ನಗುವುದು, ಕರಾಟೆಯ ಒಂದೆರಡು ಪಟ್ಟು, ಎಲ್ಲವೂ ಸರಿಯಾಗಿಯೇ ಇತ್ತು.

ಹಾಡು ಮುಗಿದ ಮೇಲೆ ವೇದಿಕೆಯ ಹಿಂದೆ ಹೋಗಿ ನೋಡಿದೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದ. ಹತ್ತಿರದಿಂದ ಕೂದಲ ಬುಡ ಬೆಳ್ಳಗಿತ್ತು, ಬಣ್ಣ ಕಿವಿಯ ಮೇಲೆ ಇಳಿದಿತ್ತು. ಐವತ್ತು ದಾಟಿರಬೇಕು. ಶಂಕರ್‌ನಾಗ್‌ಗಿಂತ ಹಿರಿಯನಾದ ಜೂನಿಯರ್. ಆರ್ಕೆಸ್ಟ್ರಾದ ಹುಡುಗನೊಬ್ಬ ಬಂದು “ಅಣ್ಣಾ, ಇನ್ನೊಂದ್ ಹಾಡ್ ಕೇಳಾಕತ್ತಾರ” ಅಂದ. ಇವನು ಎದ್ದ, ಅಂಗಿ ಸರಿ ಮಾಡಿಕೊಂಡ, ಮೆಟ್ಟಿಲು ಹತ್ತುವಾಗ ಮತ್ತೆ ಮೂವತ್ತೈದರವನಾದ.

ಅವನ ಸಂಭಾವನೆ ಎಷ್ಟು ಅಂತ ಕೇಳಬೇಕೆಂದುಕೊಂಡವನು ಕೇಳದೆ ಬಂದೆ.

*

ಮಾರ್ಚ್ 17. ಸರ್ಕಲ್ಲಿನಲ್ಲಿ ಫ್ಲೆಕ್ಸ್. ‘ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು ಅಪ್ಪು ಬಾಸ್’. ಪಕ್ಕದಲ್ಲಿ ಕೇಕು, ಆಚೆ ಒಲೆಯ ಮೇಲೆ ಅನ್ನಸಂತರ್ಪಣೆಯ ದೊಡ್ಡ ಹಂಡೆ.

ಅಪ್ಪು, ಅಂದರೆ ಪುನೀತ್ ರಾಜ್‌ಕುಮಾರ್, ಹುಟ್ಟಿದ್ದು 1975ರಲ್ಲಿ, ಹೋದದ್ದು 2021ರ ಅಕ್ಟೋಬರ್ 29ರಂದು. ನಲವತ್ತಾರು ವರ್ಷ. ನಮ್ಮ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಅವರ ಹುಟ್ಟುಹಬ್ಬ ಅಲ್ಲಿಗೆ ನಿಲ್ಲುತ್ತದೆ, ಸತ್ತ ದಿನದ ತಿಥಿ ಉಳಿಯುತ್ತದೆ. ಅಭಿಮಾನಿಗಳಲ್ಲಿ ಇದು ತಿರುಗುಮುರುಗು. ಅಕ್ಟೋಬರ್‌ನಲ್ಲಿ ಒಂದು ಮಾಲೆ, ಒಂದು ನಿಮಿಷದ ಮೌನ. ಮಾರ್ಚ್‌ನಲ್ಲಿ ಡಿಜೆ. ಹೋದವನಿಗೆ ‘ಶುಭಾಶಯ’ ಹೇಳುವಾಗ ಯಾರ ನಾಲಿಗೆಯೂ ತಡವರಿಸುವುದಿಲ್ಲ.

ಫ್ಲೆಕ್ಸಿನ ಮೇಲ್ಭಾಗದಲ್ಲಿ ಅಪ್ಪು, ಹಿಂದೆ ಮೋಡ, ಭುಜಕ್ಕೆ ಬಿಳಿ ರೆಕ್ಕೆ. ಕೆಳಗೆ ಸಾಲುಸಾಲಾಗಿ ಶುಭ ಕೋರುವವರ ಮುಖಗಳು. ಒಬ್ಬೊಬ್ಬನೂ ಕಪ್ಪು ಕನ್ನಡಕ ಹಾಕಿಕೊಂಡವನು. ಮೂಲೆಯ ಮುಖವೊಂದು ಸಣ್ಣದಾಗಿದೆ ಅಂತ ಅಲ್ಲೇ ಜಗಳ ನಡೆದಿತ್ತು. ದುಡ್ಡು ಕೊಟ್ಟವನಿಗೆ ಸಿಟ್ಟು ಬರುವುದು ನ್ಯಾಯವೇ.

ನಗು ಬಂತು. ನಗುವಂಥದ್ದೇನೂ ಅಲ್ಲ. ಕರ್ನಾಟಕದ ವೀರಗಲ್ಲುಗಳ ಮೇಲೂ ಸತ್ತವನ ಜೊತೆಗೆ ಕಲ್ಲು ನಿಲ್ಲಿಸಿದವನ ಹೆಸರು ಬರೆಸುತ್ತಿದ್ದರು. ಕೆಳಗಿನ ಹಲಗೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಸ್ವರ್ಗ. ಮೋಡ, ರೆಕ್ಕೆ ನಿನ್ನೆ ಮೊನ್ನೆಯ ಡಿಟಿಪಿ ಹುಡುಗರು ಕಂಡುಹಿಡಿದದ್ದಲ್ಲ.

ಬೇಟೆನಾಯಿಗೆ ಹೆಸರಾದ ಮುಧೋಳದವರಿಗೆ ಇಷ್ಟವಾಗುವ ಕಲ್ಲೊಂದಿದೆ, ಇರುವುದು ಮಾತ್ರ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿ. ಮಂಡ್ಯದ ಕಡೆಯ ಆತಕೂರಿನದು, ಹತ್ತನೆಯ ಶತಮಾನದ ನಡುವಿನದು, ಅಂದರೆ ಹೆಚ್ಚುಕಡಿಮೆ ಮುಧೋಳದಲ್ಲಿ ಕವಿ ರನ್ನ ಹುಟ್ಟಿದ ಕಾಲದ್ದೇ. ಗಂಗ ದೊರೆ ಬೂತುಗ ತನ್ನ ವೀರ ಮಣಲೇರನಿಗೆ ಏನು ಬೇಕು ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಹಂದಿಯ ಮೇಲೆ ಬಿತ್ತು, ನಾಯಿಯೂ ಹಂದಿಯೂ ಸತ್ತವು. ಮಣಲೇರ ಕಲ್ಲು ನೆಡಿಸಿದ, ಭೂಮಿ ಬಿಡಿಸಿದ. ಆ ಜಾಗ ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ತಟ್ಟುತ್ತದೆ ಅಂತ ಶಾಸನದಲ್ಲೇ ಬರೆಸಿದ. ಉಣ್ಣುವ ಮುಂಚೆ ನೆನೆಯಬೇಕು. ನೆನೆದೆನೆಂದು ಹೇಳಿದರೆ ಸಾಲದು, ಕೈಯಿಂದ ಏನಾದರೂ ಆಗಬೇಕು.

ಅಷ್ಟರಲ್ಲಿ ಸರ್ಕಲ್ಲಿನಲ್ಲಿ ಬಡಿಸುವ ಹುಡುಗ “ಕಾಕಾ, ನಿಂತ ನೋಡತೀರಲ್ಲಾ, ಊಟಾ ಮಾಡ್ರಿ” ಅಂದ. ಮಾಡಿದೆ. ಚಿತ್ರಾನ್ನಕ್ಕೆ ಉಪ್ಪು ಕಡಿಮೆ ಇತ್ತು.

*

ಅಪ್ಪುವಿನ ವಿಷಯದಲ್ಲಿ ನನ್ನ ಗೊಂದಲ ಸ್ವಲ್ಪ ಕಡಿಮೆ. ಅವನನ್ನು ಎಲ್ಲರೂ ನೋಡಿದ್ದಾರೆ. ತೊಡೆಯ ಮೇಲಿನ ಕೂಸಾಗಿದ್ದಾಗಿನಿಂದ ಪರದೆಯ ಮೇಲಿದ್ದವನು, ‘ಬೆಟ್ಟದ ಹೂವು’ ಚಿತ್ರಕ್ಕೆ ಹತ್ತು ವರ್ಷದ ಹುಡುಗನಿದ್ದಾಗ ಮಾಡಿದ ನಟನೆಗೆ ರಾಷ್ಟ್ರಪ್ರಶಸ್ತಿ ಪಡೆದವನು. ನಮ್ಮ ಓಣಿಯ ಹಿರಿಯ ಹೆಂಗಸೊಬ್ಬರು, ಕಂಡಿಕೆ ಸುತ್ತುತ್ತಲೇ, “ನಮ್ಮ ಮನಿ ಹುಡುಗ ಹ್ವಾದಂಗಾತ್ರೀ, ಮೂರ್ ದಿನಾ ರೊಟ್ಟಿ ಗಂಟಲಾಗ ಇಳೀಲಿಲ್ಲ” ಅಂದಿದ್ದರು. ಅವರ ಮನೆಯ ಜಗಲಿಯಲ್ಲಿ ಯಲ್ಲಮ್ಮನ ಪಕ್ಕ ಅಪ್ಪುವಿನ ಫೋಟೋ ಇದೆ. ಅದಕ್ಕೆ ಕುಂಕುಮ ಹಚ್ಚಿಲ್ಲ, ದಿನಾ ಹೂ ಮಾತ್ರ ಏರಿಸುತ್ತಾರೆ. ಯಾಕೆ ಅಂತ ಕೇಳಿದರೆ, “ಹುಡುಗ ಅಲ್ರೀ, ದೇವರೇನ್ರಿ ಅಂವಾ?” ಅಂದರು. ಎಲ್ಲಿ ಗೆರೆ ಎಳೆಯಬೇಕೆಂದು ಅವರಿಗೆ ಗೊತ್ತಿದೆ. ಸರ್ಕಲ್ಲಿನ ರೆಕ್ಕೆಯ ಅಪ್ಪುವನ್ನು ಅವರು ಒಪ್ಪಲಿಕ್ಕಿಲ್ಲ.

ಅಪ್ಪು ಹೋದ ದಿನ ನನಗೆ 2006ರ ನೆನಪಾಗಿತ್ತು. ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನಲ್ಲಿ ಬೆಂಕಿ, ಗೋಲಿಬಾರು, ಸಾವು. ಮಗ ಹೋದಾಗ ಕಂಠೀರವ ಕ್ರೀಡಾಂಗಣದ ಮುಂದೆ ಲಕ್ಷಗಟ್ಟಲೆ ಜನ ಸಾಲಿನಲ್ಲಿ ನಿಂತರು, ಅತ್ತರು, ಮನೆಗೆ ಹೋದರು. ಹದಿನೈದು ವರ್ಷದಲ್ಲಿ ಅಭಿಮಾನಿಗಳಿಗೆ ಏನಾಯಿತು? ಕುಟುಂಬದವರು ಕೈಮುಗಿದು ಬೇಡಿಕೊಂಡರು, ಪೊಲೀಸರು ಎಚ್ಚರಿಕೆ ವಹಿಸಿದರು, ಎರಡೂ ನಿಜ. ಇಷ್ಟೇ ಸಾಕು ಅನ್ನಿಸುವುದಿಲ್ಲ. ಈ ಬಾರಿ ಮಾಡಲು ಬೇರೆ ಕೆಲಸವಿತ್ತು.

ಕಣ್ಣು. ರಾಜ್‌ಕುಮಾರ್ ಕಣ್ಣು ದಾನ ಮಾಡಿದ್ದರು, ಅವರ ಹೆಂಡತಿ ಪಾರ್ವತಮ್ಮನವರೂ ಮಾಡಿದ್ದರು. ಪುನೀತ್ ಕಣ್ಣುಗಳನ್ನು ನಾರಾಯಣ ನೇತ್ರಾಲಯದ ವೈದ್ಯರು ನಾಲ್ವರಿಗೆ ಜೋಡಿಸಿದರು. ಎರಡು ಕಣ್ಣು ನಾಲ್ವರಿಗೆ ಹೇಗೆ ಅಂತ ನಾನೂ ತಲೆ ಕೆರೆದುಕೊಂಡಿದ್ದೆ. ಕಣ್ಣಿನ ಮುಂದಿನ ಪಾರದರ್ಶಕ ಪಟಲ, ಕಾರ್ನಿಯಾ, ಅದನ್ನು ಮುಂದಿನ ಪದರ, ಹಿಂದಿನ ಪದರ ಅಂತ ಸೀಳಬಹುದಂತೆ. ಮುಂಭಾಗ ಕೆಟ್ಟವರಿಗೆ ಮುಂದಿನದು, ಹಿಂಭಾಗ ಕೆಟ್ಟವರಿಗೆ ಹಿಂದಿನದು. ಅದಾದ ಮೇಲೆ ರಾಜ್ಯದಲ್ಲಿ ನೇತ್ರದಾನದ ಅರ್ಜಿ ತುಂಬಲು ಜನ ಮುಗಿಬಿದ್ದರು. ಇದೇ ವೇಳೆ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಎದೆ ತೋರಿಸಿಕೊಳ್ಳುವವರ ಸಾಲೂ ಉದ್ದವಾಯಿತು. ಒಂದು ಸಾಲು ಪ್ರೀತಿಯದು, ಇನ್ನೊಂದು ಭಯದ್ದು. ಎರಡರಲ್ಲೂ ನಿಂತವರು ಇದ್ದಿರಬಹುದು.

ನಮ್ಮ ಸರ್ಕಲ್ಲಿನ ಕಪ್ಪು ಕನ್ನಡಕದ ಹುಡುಗರಲ್ಲೊಬ್ಬ ಅರ್ಜಿ ತುಂಬಿದ ಕಾರ್ಡನ್ನು ಪಾಕೀಟಿನಿಂದ ತೆಗೆದು ತೋರಿಸಿದ. ಮಡಚಿ ಮಡಚಿ ಅಂಚು ಹರಿದಿತ್ತು. ಮನೆಯಲ್ಲಿ ಹೇಳಿದ್ದೀಯೇನು ಅಂದೆ. “ಅವ್ವಗ ಗೊತ್ತಾದ್ರ ಬಡೀತಾಳ್ರಿ” ಅಂದ. ಮನೆಯವರಿಗೆ ಗೊತ್ತಿರದಿದ್ದರೆ, ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಹೇಳುವವರಿರದಿದ್ದರೆ, ಆ ಕಾರ್ಡಿನಿಂದ ಯಾರ ಕಣ್ಣೂ ತೆರೆಯುವುದಿಲ್ಲ. ಅದನ್ನು ಅವನಿಗೆ ಹೇಳಿದೆ. ತಲೆ ಕೆರೆದುಕೊಂಡ. ಕಾರ್ಡನ್ನು ಮತ್ತೆ ಅಪ್ಪುವಿನ ಫೋಟೋದ ಹಿಂದೆ ತೂರಿಸಿದ.

*

ಬಾಗಲಕೋಟೆಯಲ್ಲಿ ಓದುವ ನಮ್ಮ ಅಕ್ಕನ ಮಗ ಬಾಸ್ಕೆಟ್‌ಬಾಲ್ ಆಡುತ್ತಾನೆ. ರಜೆಗೆ ಬಂದಾಗ ನನ್ನ ಈ ಟಿಪ್ಪಣಿಗಳ ಸುದ್ದಿ ಕೇಳಿ, “ಮಾಮಾ, ಇದನ್ನ ನೋಡು” ಅಂತ ಫೋನಿನಲ್ಲಿ ಹಳೆಯ ಆಟವೊಂದನ್ನು ತೋರಿಸಿದ.

ಅಮೆರಿಕದ ಲಾಸ್ ಏಂಜಲೀಸ್‌ನ ಲೊಯೋಲಾ ಮೇರಿಮೌಂಟ್ ಅನ್ನುವ ಸಣ್ಣ ವಿಶ್ವವಿದ್ಯಾಲಯ. ಅಲ್ಲಿ ಹ್ಯಾಂಕ್ ಗ್ಯಾದರ್ಸ್ ಅನ್ನುವ ಹುಡುಗ. 1988–89ರ ಸಾಲಿನಲ್ಲಿ ಇಡೀ ದೇಶದ ಕಾಲೇಜು ಆಟಗಾರರಲ್ಲಿ ಅತಿ ಹೆಚ್ಚು ಅಂಕ ಅವನದೇ, ಅತಿ ಹೆಚ್ಚು ರಿಬೌಂಡೂ ಅವನದೇ. 1989ರ ಡಿಸೆಂಬರ್‌ನಲ್ಲಿ ಆಟದ ನಡುವೆ ಕುಸಿದ. ಹೃದಯದ ಬಡಿತದಲ್ಲಿ ಏರುಪೇರು ಅಂತ ಗೊತ್ತಾಗಿ ಔಷಧಿ ಕೊಟ್ಟರು, ಮತ್ತೆ ಆಟಕ್ಕಿಳಿದ. ಔಷಧಿಯಿಂದ ಆಟ ಮಂಕಾಗುತ್ತದೆ ಅಂತ ಪ್ರಮಾಣ ಇಳಿಸಿದ್ದರು. 1990ರ ಮಾರ್ಚ್ 4ರಂದು ಒಂದು ಅಬ್ಬರದ ಡಂಕ್ ಹೊಡೆದು ಹಿಂದಿರುಗುವಾಗ ಅಂಗಳದಲ್ಲೇ ಬಿದ್ದ. ಮೇಲೇಳಲಿಲ್ಲ. ಇಪ್ಪತ್ತಮೂರು ವರ್ಷ.

ಶಂಕರ್‌ನಾಗ್ ಹೋದ ವರ್ಷವೇ. ಇದರಲ್ಲಿ ಅರ್ಥವೇನೂ ಇಲ್ಲ, ಬರೆದಿಡುತ್ತಿದ್ದೇನೆ ಅಷ್ಟೆ.

ಅಕ್ಕನ ಮಗ ತೋರಿಸಿದ್ದು ಅದರ ನಂತರದ್ದು. ಗ್ಯಾದರ್ಸ್ ಬಲಗೈಯವನು, ಆದರೆ ಫ್ರೀ ಥ್ರೋ ಅವನಿಗೆ ಒಗ್ಗುತ್ತಿರಲಿಲ್ಲ. ಬೇಸತ್ತು ಎಡಗೈಯಲ್ಲಿ ಎಸೆಯಲು ಶುರುಮಾಡಿದ್ದ. ಅವನು ಸತ್ತ ಮೇಲೆ ತಂಡ ರಾಷ್ಟ್ರಮಟ್ಟದ ಪಂದ್ಯಾವಳಿಗೆ ಹೋಯಿತು. ಒಂದೇ ಊರಿನಲ್ಲಿ ಜೊತೆಗೆ ಆಡಿ ಬೆಳೆದ ಗೆಳೆಯ ಬೋ ಕಿಂಬಲ್, ಅವನೂ ಬಲಗೈಯವನೇ. ಮೊದಲ ಪಂದ್ಯದ ಮೊದಲ ಫ್ರೀ ಥ್ರೋ ಸಿಕ್ಕಾಗ ಗೆರೆಯ ಹತ್ತಿರ ನಿಂತು, ಚೆಂಡನ್ನು ಎಡಗೈಗೆ ಬದಲಿಸಿಕೊಂಡು ಎಸೆದ. ಬಿತ್ತು. ಎರಡನೆಯದನ್ನು ಎಂದಿನಂತೆ ಬಲಗೈಯಲ್ಲಿ ಎಸೆದ.

ಆ ಬಲಗೈಗೆ ಮರಳುವುದು ನನಗೆ ಹಿಡಿಸಿತು. ನೆನೆಯಲು ಒಂದು ಎಸೆತ ಸಾಕು, ಉಳಿದದ್ದು ಗೆಲ್ಲಲು ಬೇಕು. ಗೆದ್ದರೂ ಕೂಡ. ಹಿಂದಿನ ವರ್ಷದ ಚಾಂಪಿಯನ್ ಮಿಷಿಗನ್ನನ್ನು 149–115ರಿಂದ ಸೋಲಿಸಿದರು, ಕೊನೆಯ ಎಂಟರವರೆಗೆ ಹೋಗಿ ನೆವಾಡಾ ಲಾಸ್ ವೇಗಸ್‌ನ ತಂಡಕ್ಕೆ ಸೋತರು. ಲೊಯೋಲಾದ ವಿದ್ಯಾರ್ಥಿಗಳಿಗೆ ತಮ್ಮ ಆಟದ ಒಳಾಂಗಣ ಇಂದಿಗೂ ಹ್ಯಾಂಕ್‌ನ ಮನೆಯೇ. 2020ರ ಫೆಬ್ರುವರಿ 29ರಂದು ಅದರ ಹೊರಗೆ ಕಂಚಿನ ಪ್ರತಿಮೆ ನಿಲ್ಲಿಸಿದರು. ಈಗ ಅಲ್ಲಿ ಓದುವವರು ಯಾರೂ ಅವನು ಆಡಿದ್ದನ್ನು ನೋಡಿದವರಲ್ಲ.

“ನೀನೂ ಎಡಗೈಲೆ ಒಗದಿಯೇನೋ?” ಅಂದೆ.

“ಒಮ್ಮೆ ಒಗದೆ ಮಾಮಾ. ಕೋಚ್ ಹೊರಗ ಕಳಿಸಿದ್ರು.”

*

ಉಳಿದ ಸಣ್ಣಪುಟ್ಟವು.

2013ರಲ್ಲಿ ತೇರದಾಳ ಕ್ಷೇತ್ರ ನಟಿ ಉಮಾಶ್ರೀಯವರನ್ನು ಗೆಲ್ಲಿಸಿತ್ತು. ಅವರು ಮಂತ್ರಿಯೂ ಆದರು. ಸಿನಿಮಾದವರು ಇಲ್ಲಿಗೆ ಬರುವುದೇ ಇಲ್ಲ ಅಂತೇನಿಲ್ಲ. ಬಂದವರ ಫೋಟೋ ಟಂಟಂ ಮೇಲೆ ಬೀಳುವುದಿಲ್ಲ, ಅಷ್ಟೆ. ಬದುಕಿದ್ದವರಿಗೆ ಓಟು, ಹೋದವರಿಗೆ ಸ್ಟಿಕ್ಕರ್ ಅನ್ನಬಹುದೇನೋ. ಆದರೆ ಬದುಕಿರುವ ದರ್ಶನ್, ಸುದೀಪ್, ಯಶ್ ಮುಖಗಳೂ ಗಾಡಿಗಳ ಮೇಲಿವೆ. ಹಾಗಾಗಿ ಇದನ್ನು ಹೊಡೆದುಹಾಕುತ್ತೇನೆ.

ಹೆಂಗಸರಿಗೆ ಬಸ್ಸು ಬಿಟ್ಟಿಯಾದ ಮೇಲೆ ಟಂಟಂನವರ ಗೋಳು ಬೇರೆ. ಹಿಂದೆ ಶಂಕ್ರಣ್ಣ ನಗುತ್ತಿರುತ್ತಾನೆ, ಮುಂದೆ ಕೂತವನು ಸಾಲದ ಕಂತಿನ ಲೆಕ್ಕ ಹಾಕುತ್ತಿರುತ್ತಾನೆ. ಸಿನಿಮಾದ ಆಟೋ ರಾಜನಿಗೆ ಕಂತು ಇತ್ತೋ ಇಲ್ಲವೋ.

ಶಂಕರ್‌ನಾಗ್ ಇದ್ದಿದ್ದರೆ ಈಗ ಎಪ್ಪತ್ತು ದಾಟಿರುತ್ತಿತ್ತು. ಇದನ್ನು ನಿಲ್ದಾಣದಲ್ಲಿ ಹೇಳಿನೋಡಿದೆ. ಯಾರೂ ಒಪ್ಪಲಿಲ್ಲ. ಒಬ್ಬನಂತೂ “ಹಂಗ ಅನಬ್ಯಾಡ್ರಿ ಯಜಮಾನ್ರ” ಅಂತ ನಿಜಕ್ಕೂ ಸಿಟ್ಟಾದ. ಎಪ್ಪತ್ತು ಅಂದದ್ದಕ್ಕೆ ಸಿಟ್ಟು, ಸತ್ತಿದ್ದಾನೆ ಅನ್ನುವುದಕ್ಕೆ ಇಲ್ಲ.

*

ಬನಹಟ್ಟಿಯಲ್ಲಿ ರೇಡಿಯಂ ಕಟಿಂಗ್ ಅಂಗಡಿ. ನಂಬರ್ ಪ್ಲೇಟು, ಗಾಡಿಯ ಬರಹ, ಮದುವೆಯ ಕಾರಿಗೆ ಅಕ್ಷರ, ಎಲ್ಲ ಇಲ್ಲೇ. ಯಂತ್ರದ ಸಣ್ಣ ಅಲಗು ಹಾಳೆಯ ಮೇಲೆ ಓಡುತ್ತದೆ, ಆಮೇಲೆ ಹುಡುಗ ಸೂಜಿಯಿಂದ ಬೇಡದ ಚೂರುಗಳನ್ನು ಕಿತ್ತು ತೆಗೆಯುತ್ತಾನೆ. ನಾನು ಹೋದಾಗ ಅವನು ಶಂಕರ್‌ನಾಗ್ ಕೂದಲಿನ ಗುಂಗುರುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದ. ಹಳದಿ ಹಾಳೆಯಿಂದ ಹಣೆ ಬಂತು, ಮೂಗು ಬಂತು. ತುಟಿಯ ಅಂಚು ಒಮ್ಮೆ ಹರಿಯಿತು. ಪೂರ್ತಿ ಮುಖವನ್ನು ಉಂಡೆ ಮಾಡಿ ಎಸೆದು ಮತ್ತೆ ಯಂತ್ರಕ್ಕೆ ಹಾಳೆ ಕೊಟ್ಟ.

“ಯಾರ್‌ದು ಹೆಚ್ಚು ಹೋಗತಾವು?” ಅಂತ ಮಾಲೀಕನನ್ನು ಕೇಳಿದೆ.

“ಅಪ್ಪುಂದು ಮಾರ್ಚ್‌ದಾಗ, ಅಕ್ಟೋಬರ್‌ದಾಗ. ಶಂಕ್ರಣ್ಣಂದು ಹೊಸಾ ಗಾಡಿ ಬಂದಾಗೆಲ್ಲಾ. ಈಗಿನ ಹೀರೋಗಳದು ಪಿಚ್ಚರ್ ಬಂದ ವಾರ ಅಷ್ಟ ನೋಡ್ರಿ, ಪಿಚ್ಚರ್ ಬಿದ್ದರ ಮಾಲ್ ನನ್ನ ತಲೀಗೆ.”

ನನ್ನ ಸ್ಕೂಟರಿನತ್ತ ನೋಡಿದ. ಹಿಂದೆ ಮುಂದೆ ಏನೂ ಇಲ್ಲ, ಬೋಳು.

“ನಿಮಗ್ಯಾವ್ದು ಹಚ್ಚೂಣ್ರೀ?”

“ಏನೂ ಬ್ಯಾಡಪಾ.”

“ಅಲ್ರೀ, ಇಷ್ಟೊತ್ತು ಕುಂತ ಎಲ್ಲಾ ಕೇಳೀರಿ. ಶಂಕ್ರಣ್ಣ ಬ್ಯಾಡಂದ್ರ ಅಲ್ಲಮಪ್ರಭುಂದು ತಗೋರಿ.”

“ರೇಟ್ ಹೆಂಗ?”

“ದೇವರದು ನಲವತ್ತು, ಶಂಕ್ರಣ್ಣಂದೂ ನಲವತ್ತ. ಅಪ್ಪುಂದು ಐವತ್ತಾಗತೈತ್ರಿ.”

“ಅದಕ್ಯಾಕ ಹತ್ತು ಜಾಸ್ತಿ?”

“ನಗತಾನಲ್ರೀ. ಹಲ್ಲಿಗೆ ಬಿಳೀ ರೇಡಿಯಂ ಬ್ಯಾರೆ ಹಾಕಬೇಕು.”